ಇಪ್ಪತ್ತು ಅಂತ ಕೂಗಿದವಳು ನಾನೇ

ನಮ್ಮ ದವಾಖಾನೆಗೆ ಮೆಡಿಕಲ್ ಕಾಲೇಜಿನ ಬೋರ್ಡು ಬಿದ್ದು ಅದು ಎರಡನೆಯ ವರ್ಷ. ನಾನು ಅಲ್ಲಿ ಆಪರೇಷನ್ ಥೇಟರಿನ ಆಯಾ. ರಿಟೈರ್ ಆಗಲು ಹದಿನಾಲ್ಕು ತಿಂಗಳು ಉಳಿದಿತ್ತು. ಯಾವ ಊರಿನ ದವಾಖಾನೆ ಎಂದು ಬರೆಯುವುದಿಲ್ಲ. ಕನ್ನಡ ತೆಲುಗು ಎರಡೂ ಆಡುವ ಗಡಿಯ ಮಕ್ತಲ್, ನಾರಾಯಣಪೇಟೆ, ಗದ್ವಾಲ ಈ ಮೂರೂ ಕಡೆಯ ಮಂದಿ ಬರುತ್ತಿದ್ದ ದವಾಖಾನೆ ಎಂದರೆ ಸಾಕು. ನಾನು ಓದಿದ್ದು ನಮ್ಮೂರ ಕನ್ನಡ ಶಾಲೆಯಲ್ಲಿ ಮೂರನೆಯ ತರಗತಿ. ಅಷ್ಟರ ಮೇಲೆ ಈ ಕಾಗದ ತುಂಬಿಸುತ್ತಿದ್ದೇನೆ. ಒಂದು ತಪ್ಪು ನನ್ನದು. ಅದನ್ನು ಬೇರೆಯವರ ಹೆಸರಿನಲ್ಲಿ ಬರೆದುಬಿಟ್ಟಿದ್ದಾರೆ.

ಮೊದಲು ನನ್ನ ಕೆಲಸ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹೊಟ್ಟೆ ಕೊಯ್ದಾಗ ರಕ್ತ ಹೀರಲೆಂದು ಒಳಗೆ ಒತ್ತುವ ಬಟ್ಟೆಗೆ ಮಾಪು ಎನ್ನುತ್ತಾರೆ. ತೆಳು ಬಿಳಿ ಬಟ್ಟೆಯನ್ನು ಪದರ ಪದರವಾಗಿ ಮಡಿಸಿ ಹೊಲಿದಿರುತ್ತಾರೆ, ಒಂದು ಮೂಲೆಗೆ ಗೇಣುದ್ದದ ಲಾಡಿ ಇರುತ್ತದೆ. ಐದೈದರ ಕಟ್ಟು ಬರುತ್ತದೆ. ರಕ್ತ ಕುಡಿದು ಭಾರವಾದದ್ದನ್ನು ಡಾಕ್ಟರು ಬಕೆಟ್ಟಿಗೆ ಒಗೆಯುತ್ತಾರೆ. ಅದನ್ನು ಎತ್ತಿ, ಹಿಂಡಿ, ನೆಲದ ರಬ್ಬರ್ ಹಾಳೆಯ ಮೇಲೆ ಐದೈದು ಸಾಲು ಹಾಕುವುದು ನನ್ನ ಕೆಲಸ. ಹೊಟ್ಟೆ ಮುಚ್ಚುವ ಮುಂಚೆ ಎಷ್ಟಾಯಿತೆಂದು ನಾನು ಕೂಗಬೇಕು. ಸಿಸ್ಟರ್ ಕೊಟ್ಟದ್ದು ಬೋರ್ಡಿನ ಮೇಲೆ ಬರೆದಿರುತ್ತದೆ. ಎರಡೂ ಹೊಂದಿದರೆ ಮಾತ್ರ ಹೊಲಿಗೆ. ಒಳಗೆ ಒಂದು ಉಳಿದರೆ ಅದು ಕೊಳೆತು, ಕೀವು ಕಟ್ಟಿ, ನಿಧಾನಕ್ಕೆ ಮನುಷ್ಯನನ್ನು ಕೊಲ್ಲುತ್ತದೆ. ಕೊಡಲಿ ಏಟಿಗಿಂತ ಕೆಟ್ಟ ಸಾವು ಅದು.

ಕಾಲೇಜಿನ ಪ್ರಿನ್ಸಿಪಾಲರು ಡಾಕ್ಟರ್ ಗುರುಬಸಪ್ಪ. ಮಕ್ತಲ್ ಬಜಾರಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಮನೆಯವರು, ಮೂಲ ರಾಯಚೂರು ಸೀಮೆ. ಹೈದರಾಬಾದಿನಲ್ಲಿ ಮೂವತ್ತು ವರ್ಷ ಕೊಯ್ದು, ಕೊಯ್ಯುವುದನ್ನು ಕಲಿಸಿ, ಹೊಸ ಕಾಲೇಜು ಕಟ್ಟಲು ತಾವೇ ಕೇಳಿಕೊಂಡು ಈ ಬಿಸಿಲಿಗೆ ಬಂದಿದ್ದರು. ಹಗಲೆಲ್ಲ ಹಾಸ್ಟೆಲ್ಲಿನ ನೀರು, ಹೆಣ ಕೊಯ್ಯುವ ಹಾಲಿನ ಮೇಜು, ಪಾಠಕ್ಕೆ ಬರದ ಪ್ರೊಫೆಸರುಗಳು, ಇನ್‌ಸ್ಪೆಕ್ಷನ್ನಿನ ಕಾಗದ ಇದೇ ಗೋಳು. ಆದರೂ ವಾರಕ್ಕೆ ಎರಡು ದಿನ ಥೇಟರಿಗೆ ಬರುವುದನ್ನು ಬಿಡಲಿಲ್ಲ. “ಕೈಗೆ ತುಕ್ಕು ಹಿಡೀತಂದ್ರ ಬಾಯಿಗೆ ಪಾಠ ಹೇಳೋ ಹಕ್ಕಿಲ್ಲ ನಿಂಗವ್ವ” ಎಂದು ನನಗೆ ಹೇಳುತ್ತಿದ್ದರು. ಸಿಟ್ಟಿನ ಮನುಷ್ಯ. ಸಿಟ್ಟು ಬಂದರೆ ಕತ್ತರಿ ಎಸೆಯುತ್ತಿದ್ದರು. ನನಗೆ ಎರಡು ಸಲ ತಾಗಿದೆ. ಮೂರನೆಯ ಸಲ ನಾನು ಅದನ್ನೆತ್ತಿ ಕಸದ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದೆ. ಅಂದಿನಿಂದ ಎಸೆಯುವುದು ನಿಂತಿತು.

ಆ ವರ್ಷ ಹುಡುಗರನ್ನು ವಾರ್ಡಿಗೆ ಕಳಿಸುವ ಮುಂಚೆ ಅವರನ್ನೆಲ್ಲ ಹಾಲಿನಲ್ಲಿ ಕೂಡಿಸಿ ಒಂದು ಮಾತು ಹೇಳಿದರು. ನಾನು ಹಿಂದೆ ನೆಲ ಒರೆಸುತ್ತಿದ್ದೆ. “ಈ ಬಾಗಲದಾಗ ಬಂದವ ಪೇಷೆಂಟು. ಹೊರಗ ಅವ ಕಳ್ಳ ಇರಲಿ, ಖೂನಿ ಮಾಡಿದವ ಇರಲಿ. ಅವನ ಮುಂದ ನಿಂದ್ರೋದು ನಿಮ್ಮ ಕೆಲಸ.” ಹುಡುಗರು ಚಪ್ಪಾಳೆ ಹೊಡೆದರು. ನಾನು ಬಕೆಟ್ ಎತ್ತಿಕೊಂಡು ಹೊರಗೆ ಹೋದೆ. ಭಾಷಣಕ್ಕೆ ಚಪ್ಪಾಳೆ ಬಿದ್ದರೆ ನನಗೆ ಮೊದಲಿಂದಲೂ ಅನುಮಾನ.

ಹತ್ತಿ ಹೂ ಬಿಡುವ ಕಾಲ. ಗದ್ವಾಲ ಕಡೆ ಬೀಜಕ್ಕೆಂದು ಹತ್ತಿ ಹಾಕುತ್ತಾರೆ. ಹೆಣ್ಣುಮಕ್ಕಳು ಒಂದೊಂದು ಹೂವಿಗೂ ಇನ್ನೊಂದು ಹೂವಿನ ಪುಡಿ ಕೈಯಿಂದ ಮುಟ್ಟಿಸಬೇಕು. ಅಂಥ ಹೊಲಕ್ಕೆ ಒಂದು ಬೆಳಿಗ್ಗೆ ಮಾಳಪ್ಪನೆಂಬ ಕುರುಬನ ಕುರಿ ಹಿಂಡು ಬಿತ್ತು. ಹೊಲದವನ ಮಗ ಕುಡಗೋಲು ಹಿಡಿದು ಓಡಿಬಂದ. ಮಾಳಪ್ಪನ ಕೈಯಲ್ಲಿ ಕುರಿಗೆ ಸೊಪ್ಪು ಕಡಿಯುವ ಕೊಡಲಿ ಇತ್ತು. ಯಾರು ಮೊದಲು ಎತ್ತಿದರೆಂದು ಕೋರ್ಟು ನೋಡಿಕೊಳ್ಳಲಿ. ಕುಡಗೋಲು ಮಾಳಪ್ಪನ ಎಡ ಪಕ್ಕೆಯ ಕೆಳಗೆ ಹೊಕ್ಕು ಹೊಟ್ಟೆಯನ್ನು ಸೀಳಿತು. ಕೊಡಲಿ ಹೊಲದವನ ಮಗನ ತಲೆಯನ್ನು ಹಣೆಯಿಂದ ಕಿವಿಯವರೆಗೆ ತೆರೆಯಿತು.

ಹತ್ತೂವರೆಗೆ ಇಬ್ಬರೂ ಬಂದರು, ಬೇರೆ ಬೇರೆ ಟ್ರ್ಯಾಕ್ಟರಿನಲ್ಲಿ. ಹೊಲದವನ ಮಗ ದಾರಿಯಲ್ಲೇ ಸತ್ತಿದ್ದ. ಅವನ ಅಪ್ಪ ಮಗನ ತಲೆಯನ್ನು ತನ್ನ ಧೋತರದಲ್ಲಿ ಸುತ್ತಿ ಹಿಡಿದುಕೊಂಡೇ ಇಳಿದ. ಬಿಟ್ಟರೆ ಅದು ಎರಡಾಗುತ್ತಿತ್ತು.

ಮಾಳಪ್ಪನ ಜೊತೆಗೆ ಬಂದವಳು ಅವನ ತಾಯಿ ಬಾಳವ್ವ. ನಾನೂ ಕುರುಬರಾಕಿ, ನೋಡಿದ ಕೂಡಲೇ ಗೊತ್ತಾಯಿತು. ಗಾಯಕ್ಕೆ ಮೈಲಾರನ ಭಂಡಾರ ತುಂಬಿದ್ದಳು. ಭಂಡಾರ ಅಂದರೆ ದೇವರ ಅರಿಷಿಣ ಪುಡಿ. ಕುರಿಗೆ ತೋಳ ಬಾಯಿ ಹಾಕಿದರೂ ನಮ್ಮವರು ಅದನ್ನೇ ತುಂಬುತ್ತಾರೆ, ಮನುಷ್ಯನಿಗೆ ಕಬ್ಬಿಣ ಬಿದ್ದರೂ ಅದನ್ನೇ. ಮೇಲೆ ಮಗನ ರುಮಾಲು ಹರಿದು ಬಟ್ಟೆ ತುರುಕಿದ್ದಳು. ಕೆಳಗೆ ಗಾಯ ನೋಡುವ ಕೋಣೆಯ ಡಾಕ್ಟರ್ ಅದನ್ನು ಎಳೆದು ತೆಗೆದು, ಮೂಗು ಮುರಿದು, “ಇದೇನಮ್ಮಾ ಇದು?” ಎಂದು ಗದರಿದ. ಬಾಳವ್ವ ಬಾಯಿ ಮುಚ್ಚಿಕೊಂಡಳು. ಆಮೇಲೆ ಯಾರು ಏನು ಕೇಳಿದರೂ ಆಕೆ ಉತ್ತರ ಕೊಡಲಿಲ್ಲ.

ಅವತ್ತು ಸರ್ಜರಿಯ ಉಳಿದ ಇಬ್ಬರು ಡಾಕ್ಟರು ರಜೆಯಲ್ಲಿದ್ದರು. ಪ್ರಿನ್ಸಿಪಾಲರು ಆಫೀಸಿನಿಂದ ಎದ್ದು ಬಂದರು. ಥೇಟರು ಮಹಡಿಯ ಮೇಲೆ. ಮೆಟ್ಟಿಲ ಬುಡದಲ್ಲಿ ಕಬ್ಬಿಣದ ಗ್ರಿಲ್ಲಿನ ಗೇಟು. ಮೇಲೆ ಥೇಟರಿಗೆ ಎರಡು ಬಾಗಿಲು. ಹೊರಗಿನದಕ್ಕೆ ಗಾಜಿನ ಕಿಂಡಿ, ಒಳಗಿನದು ತಗಡಿನದು, ನಡುವೆ ಚಪ್ಪಲಿ ಬಿಡುವ ಸಣ್ಣ ಕೋಣೆ. ಬಾಳವ್ವ ಮಗನ ಸ್ಟ್ರೆಚರ್ ಹಿಡಿದೇ ಬಂದವಳು ಆ ಕೋಣೆಯಲ್ಲಿ ಕೂತುಬಿಟ್ಟಳು. ಎಬ್ಬಿಸಿದೆ, ಏಳಲಿಲ್ಲ. ಹೊರಗಿನ ಬಾಗಿಲಿಗೆ ಚಿಲಕ ಹಾಕಿ ಒಳಗೆ ಹೋದೆ.

ಒಳಗೆ ಪ್ರಿನ್ಸಿಪಾಲರು, ಅವರಿಗೆ ಕೈಜೋಡಿಸಲು ಇಮ್ರಾನ್ ಡಾಕ್ಟರ್, ಸಾಮಾನು ಕೊಡಲು ಸುಶೀಲ ಸಿಸ್ಟರ್, ತಲೆಯ ಹತ್ತಿರ ಅರಿವಳಿಕೆ ಕೊಡುವ ಡಾಕ್ಟರು. ಹೊಟ್ಟೆ ತೆರೆದರೆ ರಕ್ತ ಮೇಜಿನಿಂದ ನೆಲಕ್ಕೆ ಸುರಿಯಿತು, ನನ್ನ ಚಪ್ಪಲಿ ಮುಳುಗಿತು. ಪ್ರಿನ್ಸಿಪಾಲರು ಕೈ ಹಾಕಿ ಹೆಪ್ಪುಗಟ್ಟಿದ್ದನ್ನು ಬೊಗಸೆ ಬೊಗಸೆ ಎತ್ತಿ ಬಕೆಟ್ಟಿಗೆ ಒಗೆದರು. ಎಡಪಕ್ಕೆಯಲ್ಲಿ ಸ್ಪ್ಲೀನ್ ಎಂಬ ಮೆತ್ತನೆಯ ಅಂಗ ಇರುತ್ತದೆ, ಅದು ಹರಿದರೆ ಮನುಷ್ಯ ತನ್ನ ರಕ್ತದಲ್ಲೇ ಮುಳುಗುತ್ತಾನೆ. ಅದನ್ನು ಕಿತ್ತು ತೆಗೆಯಬೇಕಿತ್ತು. ಮಾಪಿನ ಮೇಲೆ ಮಾಪು ಒತ್ತಿದರು. “ಕೊಡು. ಇನ್ನೊಂದು. ಇನ್ನೊಂದು ಕೊಡವ್ವಾ, ಹಬ್ಬಕ್ಕ ಕಾಯಾಕತ್ತೀಯೇನು?” ಸುಶೀಲ ಸಿಸ್ಟರ್ ನಾಲ್ಕು ಕಟ್ಟು ಬಿಚ್ಚಿದರು. ಇಪ್ಪತ್ತು. ಬೋರ್ಡಿನ ಮೇಲೆ ಬರೆದೆ.

ಅಷ್ಟರಲ್ಲಿ ಹೊರಗೆ ಸತ್ತವನ ಊರಿನ ಮಂದಿ ಬಂದಾಗಿತ್ತು. ಮೊದಲು ಕೂಗು ಕೇಳಿತು, ತೆಲುಗಿನಲ್ಲಿ: “ವಾನ್ನಿ ಬಯಟಿಕಿ ಪಂಪಂಡ್ರಾ!” ಅವನನ್ನು ಹೊರಗೆ ಕಳಿಸಿರಿ ಎಂದು. ಆಮೇಲೆ ಕಲ್ಲು. ಮೇಲಿನ ಕಿಟಕಿಯ ಗಾಜು ಒಡೆದು ಚೂರು ನನ್ನ ರಬ್ಬರ್ ಹಾಳೆಯ ಮೇಲೆ ಬಿದ್ದವು.

ಸ್ಪ್ಲೀನ್ ಹೊರಗೆ ಬಂತು. ಕರುಳಿನ ಎರಡು ತೂತು ಹೊಲಿದರು. “ನಿಂಗವ್ವ, ಎಷ್ಟು?” ಎಂದರು. ನಾನು ಬಕೆಟ್ಟಿಗೆ ಕೈ ಹಾಕಿದೆ. ಬೇರೆ ದಿನವಾಗಿದ್ದರೆ ಒಂದೊಂದನ್ನೂ ಬಿಡಿಸಿ ಲಾಡಿ ಜಗ್ಗಿ ನೋಡುತ್ತಿದ್ದೆ. ಅವತ್ತು ಮೇಲಿಂದ ಗಾಜು ಬೀಳುತ್ತಿತ್ತು. ಮುದ್ದೆ ಮುದ್ದೆಯನ್ನೇ ಎತ್ತಿ ಸಾಲು ಹಾಕಿದೆ. ಐದು, ಹತ್ತು, ಹದಿನೈದು, ಇಪ್ಪತ್ತು.

“ಇಪ್ಪತ್ತು ರೀ” ಎಂದು ಕೂಗಿದೆ.

“ಬರೋಬ್ಬರಿ” ಎಂದರು ಸಿಸ್ಟರ್. ಹೊಟ್ಟೆ ಮುಚ್ಚತೊಡಗಿದರು.

ಒಳಗಿನ ಹೊಲಿಗೆ ಮುಗಿಯುವಾಗ ಗೋಡೆಯ ಫೋನು ಬಡಿಯಿತು. ನಾನು ಅದನ್ನು ಪ್ರಿನ್ಸಿಪಾಲರ ಕಿವಿಗೆ ಹಿಡಿದೆ. ಕಾಲೇಜಿನ ಗುಮಾಸ್ತ ಎಷ್ಟು ಜೋರಾಗಿ ಒದರುತ್ತಿದ್ದನೆಂದರೆ ನಮಗೆಲ್ಲ ಕೇಳುತ್ತಿತ್ತು. “ಸಾರ್, ನಮ್ಮ ಹುಡುಗ್ರು ಮೆಟ್ಟಲ ಗೇಟ್ ಹಾಕ್ಕೊಂಡು ನಿಂತಾರ್ರಿ! ಎಂಟ್ಹತ್ತು ಮಂದಿ ಅದಾರ. ಹೊಡ್ಯಾಕತ್ತಾರ್ರೀ ಅವರ್ನ! ಠಾಣೇದವರು ಇನ್ನ ಬಂದಿಲ್ಲ. ನೀವು ಬಂದು ಒಂದು ಮಾತು ಹೇಳಿದ್ರ ಆ ಮಂದಿ ಬಿಡ್ತಾರ, ಬರ್ರೀ!”

ಪ್ರಿನ್ಸಿಪಾಲರು ಸೂಜಿ ಕೆಳಗಿಟ್ಟರು. “ಇಮ್ರಾನ್, ತೊಗಲಿನ ಹೊಲಿಗೆ ನೀ ಹಾಕು. ನಾ ಹೋಗ್ತೀನಿ” ಎಂದು ಗ್ಲೌಸ್ ಕಿತ್ತರು.

ನಾನು ಮಾಪುಗಳನ್ನು ಹಳದಿ ಚೀಲಕ್ಕೆ ತುಂಬುತ್ತಿದ್ದೆ. ನಾಲ್ಕನೆಯ ಸಾಲಿನಲ್ಲಿ ಒಂದು ಕೈಗೆ ಬೇರೆ ಅನ್ನಿಸಿತು. ತೆಳುವಾಗಿತ್ತು. ಬಿಡಿಸಿದೆ. ಲಾಡಿ ಇಲ್ಲ. ಪದರ ಇಲ್ಲ. ನಡುವಿನ ಮಡಿಕೆಯಲ್ಲಿ ರಕ್ತ ಮುಟ್ಟದ ಜಾಗ ಅರಿಷಿಣ ಬಣ್ಣಕ್ಕಿತ್ತು. ಮೂಗಿಗೆ ಹಿಡಿದೆ. ಭಂಡಾರ.

ಅದು ಮಾಪಲ್ಲ, ಮಾಳಪ್ಪನ ರುಮಾಲಿನ ಚೂರು. ರಕ್ತದ ಗಡ್ಡೆಯ ಜೊತೆಗೆ ಪ್ರಿನ್ಸಿಪಾಲರು ಎತ್ತಿ ಒಗೆದದ್ದು. ಅದನ್ನು ಸೇರಿಸಿ ಇಪ್ಪತ್ತು ಬಂದಿತ್ತು ಎಂದರೆ ಮಾಪು ಹತ್ತೊಂಬತ್ತೇ.

ತಗಡಿನ ಬಾಗಿಲು ತೆಗೆದು ಚಪ್ಪಲಿ ಕೋಣೆಗೆ ಹೋದೆ. ಬಾಳವ್ವ ಮೊಣಕಾಲು ತಬ್ಬಿಕೊಂಡು ಕೂತಿದ್ದಳು.

“ಎಷ್ಟು ಚೂರು ತುರುಕಿದ್ದಿ ಬೇ?”

ಆಕೆ ಮುಖ ತಿರುಗಿಸಿದಳು.

“ಬೈಯಾಕ ಬಂದಿಲ್ಲ ನಾ. ನಾನೂ ಭಂಡಾರ ಹಚ್ಚೋ ಮನಿಯಾಕೀನ. ಎಷ್ಟು?”

“ಎರಡು” ಎಂದಳು. “ಒಂದು ಮ್ಯಾಲ, ಒಂದು ಆಳಕ್ಕ. ಕೆಳಗಿನ ಡಾಕ್ಟ್ರ ಒಂದ ತೆಗದ. ಇನ್ನೊಂದು ಹೇಳಿದ್ರ ಕೈ ಹಾಕಿ ಕಿತ್ತಾನಂತ ಹೇಳಲಿಲ್ಲ. ದೇವರ್ದು ಅದು, ಒಳಗ ಇದ್ರ ಕಾಯ್ತದ.”

“ಕಾದೈತಿ ಬಿಡು” ಎಂದು ತಿರುಗಿ ಓಡಿದೆ.

ಪ್ರಿನ್ಸಿಪಾಲರು ಗೌನು ಬಿಚ್ಚುತ್ತ ಬಾಗಿಲ ಹತ್ತಿರ ಬಂದಿದ್ದರು. ಅವರ ಮುಂದೆ ಆ ಬಟ್ಟೆ ಹಿಡಿದೆ. “ಸಾಬರ, ನಿಲ್ರಿ. ಇದು ಮಾಪಲ್ರೀ, ಅವನ ರುಮಾಲು. ನಾ ತಪ್ಪು ಎಣಿಸೀನಿ. ಒಂದು ಒಳಗ ಐತಿ.”

ಅವರು ಬಟ್ಟೆ ನೋಡಿದರು, ನನ್ನನ್ನು ನೋಡಿದರು. ಎಸೆಯಲು ಕೈಯಲ್ಲಿ ಕತ್ತರಿ ಇರಲಿಲ್ಲ. “ಖರೇನ?”

“ತಾಯೀನ್ನ ಕೇಳಿ ಬಂದೀನಿ.”

ಇಮ್ರಾನ್ ಡಾಕ್ಟರ್ ಸೂಜಿ ಹಿಡಿದೇ ಹೇಳಿದ: “ಸರ್, ನೀವು ಹೋಗ್ರಿ. ಹುಡುಗ್ರು ಸಾಯ್ತಾರ. ಇವನ್ನ ನಾಳಿ ತೆರೆಯೋಣ.”

ತಲೆಯ ಹತ್ತಿರದ ಡಾಕ್ಟರು ತಲೆ ಅಲ್ಲಾಡಿಸಿದರು. “ಬಿಪಿ ಎಂಬತ್ತರ ಮ್ಯಾಲ ಏರವಲ್ದು. ಒಮ್ಮೆ ಎಚ್ಚರ ಮಾಡಿ ಮತ್ತ ಮಲಗಿಸಿದ್ರ ಇವ ಉಳಿಯಾಂಗಿಲ್ಲ.”

ಕೆಳಗೆ ಕಬ್ಬಿಣದ ಮೇಲೆ ಕಬ್ಬಿಣ ಬಡಿಯುವ ಸಪ್ಪಳ. ಪ್ರಿನ್ಸಿಪಾಲರು ಮೇಜಿನ ಕಡೆ ತಿರುಗಿದರು. “ಗ್ಲೌಸ್ ಕೊಡು” ಎಂದರು. ಇಮ್ರಾನನಿಗೆ, “ಹೊಲಿಗಿ ಬಿಚ್ಚು.”

ಹೊಲಿದ ಹೊಟ್ಟೆಯನ್ನು ಮತ್ತೆ ತೆರೆಯುವುದು ಕೆಟ್ಟ ನೋಟ. ಕರುಳು ಆಗಲೇ ಉಬ್ಬಿರುತ್ತದೆ, ತಾನಾಗಿ ಹೊರಗೆ ನುಗ್ಗುತ್ತದೆ. ಪ್ರಿನ್ಸಿಪಾಲರು ಮೊಣಕೈವರೆಗೂ ಕೈ ಇಳಿಸಿ ಒಂದೊಂದು ಮೂಲೆ ತಡಕಿದರು. ರಕ್ತದಲ್ಲಿ ನೆಂದ ಮಾಪು ಕೈಗೆ ಕರುಳಿನ ಹಾಗೆಯೇ ಇರುತ್ತದೆ. ಆಗ ಕೆಳಗಿನಿಂದ ಒಂದು ಹುಡುಗಿಯ ಚೀರು ಬಂತು. ಉದ್ದವಾಗಿ ಬಂದು ನಡುವೆ ಕಡಿದುಹೋಯಿತು. ಪ್ರಿನ್ಸಿಪಾಲರ ಕೈ ನಿಂತಿತು. ಆಮೇಲೆ ಕೈ ಮತ್ತೆ ಒಳಗಿಳಿಯಿತು.

ಗೇಟು ಬಿತ್ತು. ಮೆಟ್ಟಿಲ ಮೇಲೆ ಕಾಲುಗಳ ಸದ್ದು. ನಾನು ಚಪ್ಪಲಿ ಕೋಣೆಗೆ ಹೋಗಿ ಕಬ್ಬಿಣದ ಚಪ್ಪಲಿ ಕಪಾಟನ್ನು ಬಾಗಿಲಿಗೆ ಒತ್ತಿದೆ. ಬಾಳವ್ವ ಎದ್ದು ಬಂದು ಬೆನ್ನು ಕೊಟ್ಟಳು. ಗಾಜಿನ ಕಿಂಡಿ ಒಡೆಯಿತು. ಆಚೆ ಸತ್ತವನ ಅಪ್ಪ ನಿಂತಿದ್ದ. ಧೋತರದ ತುಂಬ ಮಗನ ರಕ್ತ. ಅವನು ಕೂಗಲಿಲ್ಲ.

“ಆಯಾ, ನನ್ನ ಮಗನ ತಲಿ ಎರಡು ಹೋಳಾಗೈತಿ. ಅದನ್ನ ಹೊಲಿಯಾಕ ಒಬ್ಬ ಡಾಕ್ಟ್ರ ಬರಲಿಲ್ಲ. ಇವನ ಹೊಟ್ಟಿ ಹೊಲೀತೀರೇನು?”

“ನಿಮ್ಮ ಮಗ ಬರೋದ್ರಾಗ ಸತ್ತಿದ್ದ ಯಪ್ಪಾ” ಎಂದೆ. “ಸತ್ತವರ್ನ ಹೊಲಿಯೋ ಕೋಣಿ ಬ್ಯಾರೆ.”

ಈ ಮಾತು ಆಡಬಾರದಿತ್ತು ಎಂದು ಆಮೇಲೆ ಬಹಳ ಜನ ಹೇಳಿದರು. ಇರಬಹುದು. ಆದರೆ ಅದು ನಿಜ, ಆ ಹೊತ್ತಿಗೆ ನನ್ನ ಹತ್ತಿರ ಇದ್ದದ್ದೂ ಅದೊಂದೇ. ಪಕ್ಕದಿಂದ ಯಾರೋ ಕಿಂಡಿಯಲ್ಲಿ ಕಬ್ಬಿಣದ ರಾಡು ತೂರಿಸಿ ಚುಚ್ಚಿದರು. ನನ್ನ ದವಡೆಗೆ ಬಿತ್ತು. ಮೂರು ಹಲ್ಲು ಬಾಯಲ್ಲೇ ಉದುರಿದವು. ಉಗುಳಿದೆ. ಎರಡನೆಯ ಏಟು ಬಾಳವ್ವನ ಹೆಗಲಿಗೆ. ಮೂಳೆ ಲಟಕ್ ಎಂದದ್ದು ನನಗೆ ಕೇಳಿತು. ಆಕೆ ಜಾಗ ಬಿಡಲಿಲ್ಲ, ಬಾಯಿ ಮಾತ್ರ ಬಿಟ್ಟಳು: “ಚುಚ್ರೋ, ಇನ್ನ ಚುಚ್ರಿ! ಇವನ್ನ ಹೆತ್ತ ನೋವಿನ ಮುಂದ ನಿಮ್ಮ ರಾಡು ಏನು ಹರೀತದ!” ಬಾಗಿಲ ಮೇಲಿನ ತಿರುಗಣಿ ಕಿತ್ತು ಬಂದಿತ್ತು. ಇನ್ನು ನಾಲ್ಕು ಒದೆ ಬಿದ್ದಿದ್ದರೆ ಮುಗಿಯುತ್ತಿತ್ತು.

ಒಳಗಿನಿಂದ ಸುಶೀಲ ಸಿಸ್ಟರ್ ಕೂಗಿದರು. “ಸಿಕ್ತು!”

ಸ್ಪ್ಲೀನ್ ಇದ್ದ ಜಾಗದಲ್ಲಿ, ಪಕ್ಕೆಲುಬಿನ ಹಿಂದೆ, ಲಾಡಿಯೂ ಒಳಗೇ ಮಡಿಚಿಕೊಂಡು ಕೂತಿತ್ತಂತೆ. ಪೊಲೀಸರ ಸೀಟಿ ಕೇಳಿದ್ದು ಅದಾಗಿ ಎಷ್ಟೋ ಹೊತ್ತಿಗೆ. ನಮ್ಮ ಕಡೆ ಪೊಲೀಸರು ಯಾವಾಗಲೂ ಲೆಕ್ಕ ಹಾಕಿಯೇ ಬರುತ್ತಾರೆ. ಮೆಟ್ಟಿಲ ಮೇಲಿದ್ದವರು ಇಳಿದು ಓಡಿದರು. ಸತ್ತವನ ಅಪ್ಪ ಮಾತ್ರ ಓಡಲಿಲ್ಲ. ಗಾಜಿನ ಚೂರಿನ ಮೇಲೆ ಕೂತಿದ್ದ, ಅವನನ್ನು ಎತ್ತಿಕೊಂಡು ಹೋಗಬೇಕಾಯಿತು.

ಹೊಟ್ಟೆ ಮುಚ್ಚಿ ಪ್ರಿನ್ಸಿಪಾಲರು ಹೊರಗೆ ಬಂದರು. ನಾನು ಬಾಯಿಗೆ ಬಟ್ಟೆ ಒತ್ತಿಕೊಂಡು ಹಿಂದೆ ಹೋದೆ. ಮೆಟ್ಟಿಲ ಬುಡದಲ್ಲಿ ಬಿಳಿ ಕೋಟಿನ ಮಕ್ಕಳು ಬಿದ್ದಿದ್ದರು. ಒಬ್ಬನ ಮೂಗು ಒಡೆದಿತ್ತು, ಒಬ್ಬನ ಕಾಲು ತಿರುಗಿತ್ತು. ರೇಣುಕಾ ಎಂಬ ಹುಡುಗಿ ಗೋಡೆಗೆ ಒರಗಿದ್ದಳು. ಕೆ.ಟಿ. ದೊಡ್ಡಿ ಕಡೆಯ ಒಕ್ಕಲಿಗರ ಮಗಳು. ಗೇಟಿನ ಚಿಲಕ ಬಲಗೈಯಿಂದ ಹಿಡಿದವಳು ಬಿಟ್ಟಿರಲಿಲ್ಲ. ಆ ಕೈಯ ಮೇಲೆ ರಾಡಿನಿಂದ ಬಾರಿಸಿದ್ದರು, ಚಿಲಕ ಬಿಡುವವರೆಗೂ. ಕಿರುಬೆರಳು, ಉಂಗುರದ ಬೆರಳು ಜಜ್ಜಿ ಹಿಟ್ಟಾಗಿದ್ದವು. ಒಳಗೆ ಕೇಳಿದ ಚೀರು ಅವಳದೇ. ಪ್ರಿನ್ಸಿಪಾಲರು ಅವಳ ಮುಂದೆ ಮಂಡಿಯೂರಿ ಕೂತು ಕೈಗೆ ಪಟ್ಟಿ ಕಟ್ಟಿದರು. ಹೈದರಾಬಾದಿನಲ್ಲಿ ಆ ಎರಡು ಬೆರಳು ತೆಗೆದರು.

ವಿಚಾರಣೆಗೆ ಕಮಿಟಿ ಬಂತು. ಮೂವರು ಕುರ್ಚಿ ಹಾಕಿಕೊಂಡು ಕೂತರು. ಮಕ್ಕಳು ಹೊಡೆತ ತಿನ್ನುವಾಗ ಪ್ರಿನ್ಸಿಪಾಲ್ ಎಲ್ಲಿದ್ದರು ಎಂಬುದು ಅವರ ಪ್ರಶ್ನೆ. ಹೊಟ್ಟೆಯೊಳಗೆ ಮಾಪು ಬಿಟ್ಟಿದ್ದೆ, ತೆಗೆಯುತ್ತಿದ್ದೆ ಎಂದು ಗುರುಬಸಪ್ಪ ಸಾಬರು ಹೇಳಿದರು. ಬಿಟ್ಟವರು ಯಾರು, ಎಣಿಸಿದವರು ಯಾರು ಎಂದಾಗ, “ನಾನೇ” ಎಂದರಂತೆ. ಒಂದರ ಬದಲು ಎರಡು ತಪ್ಪು ಬರೆದುಕೊಂಡು ಕಮಿಟಿಯವರು ಊಟ ಮಾಡಿ ಹೋದರು. ನನ್ನನ್ನು ಯಾರೂ ಕೇಳಲೇ ಇಲ್ಲ, ಆಯಾಳನ್ನು ಕೇಳುವ ರೂಢಿ ಇಲ್ಲ. ತಿಂಗಳೊಳಗೆ ಪ್ರಿನ್ಸಿಪಾಲರ ಕುರ್ಚಿಗೆ ಬೇರೆಯವರು ಬಂದರು. ಸಾಬರು ಅದೇ ಕಾಲೇಜಿನಲ್ಲಿ ಬರೀ ಪ್ರೊಫೆಸರಾಗಿ ಉಳಿದರು.

ಅವರ ಕೋಣೆಗೆ ಹೋಗಿ ಜಗಳ ತೆಗೆದೆ. “ಇಪ್ಪತ್ತು ಅಂತ ಕೂಗಿದಾಕಿ ನಾ. ನೀವ್ಯಾಕ ಹೊತ್ಕೊಂಡ್ರಿ? ನನಗ ಉಪಕಾರ ಮಾಡ್ರಂತ ಬೇಡಿದ್ನೇನು?”

“ನಿನ್ನ ಪಿಂಚಣಿಗೆ ಅಲ್ಲವ್ವಾ” ಎಂದರು. “ಹೊಟ್ಯಾಗ ಇಟ್ಟ ಕೈ ನಂದು. ಇಟ್ಟವ ತೆಗೀಬೇಕು. ಎಣಿಸೋರು ಇದ್ರು ಅಂತ ಇಟ್ಟವ ಮರೆಯಾಕ ಬರಾಂಗಿಲ್ಲ.”

ಅವರ ಮಾತು ಅವರಿಗೆ ಸರಿ. ನನಗೆ ಇವತ್ತಿಗೂ ಸರಿ ಕಂಡಿಲ್ಲ, ಅದಕ್ಕೇ ಇದನ್ನು ಬರೆಯುತ್ತಿರುವುದು. ತಪ್ಪು ಲೆಕ್ಕ ನನ್ನದು. ಸಂಖ್ಯೆ ಹೊಂದಿದ ಕೂಡಲೇ ನನ್ನ ಕೈ ನೋಡುವುದನ್ನು ಬಿಟ್ಟಿತು. ಕಡಿಮೆ ಬಂದಿದ್ದರೆ ನೂರು ಸಲ ತಡಕುತ್ತಿದ್ದೆ.

ಮಾಳಪ್ಪನ ಬಗ್ಗೆ ಕೇಳುವಿರಿ. ಬದುಕಿದ. ಎರಡು ವಾರ ಪೊಲೀಸು ಕಾವಲಿನಲ್ಲಿ ವಾರ್ಡಿನಲ್ಲಿದ್ದ. ಒಳ್ಳೆಯವನೇನಲ್ಲ. ದವಾಖಾನೆಯ ಅನ್ನ ಮೆತ್ತಗಾಯಿತು, ರೊಟ್ಟಿ ಕೊಡಿ ಎಂದು ಸಿಸ್ಟರುಗಳ ಮೇಲೆ ಹಾರಾಡುತ್ತಿದ್ದ. ಒಂದು ದಿನ ನನ್ನನ್ನು ಕರೆದು, “ಚಿಗವ್ವಾ, ನನ್ನ ರುಮಾಲ ಎಲ್ಲೈತಿ? ಹೊಸಾದು ಅದು” ಎಂದ. “ನಿನ್ನ ಹೊಟ್ಟಿ ತಿಂತು” ಎಂದು ಹೇಳಿ ಬಂದೆ. ತಾನು ಕಡಿದವನ ಹೆಸರು ಅವನ ಬಾಯಲ್ಲಿ ಒಂದು ಸಲವೂ ಬರಲಿಲ್ಲ. ಅಲ್ಲಿಂದ ಜೈಲಿಗೆ ಹೋದ. ಕೇಸು ಇನ್ನೂ ನಡೆಯುತ್ತಿದೆ. ಬಾಳವ್ವನ ಹೆಗಲು ಕೂಡಲಿಲ್ಲ, ಒಂದೇ ಕೈಯಲ್ಲಿ ಕುರಿ ಕಾಯುತ್ತಾಳೆ.

ಐದು ತಿಂಗಳು ಬಿಟ್ಟು ಗುರುಬಸಪ್ಪ ಸಾಬರು ನನ್ನನ್ನು ಪಾಠದ ಕೋಣೆಗೆ ಕರೆದರು. ಮಾಪು ಎಣಿಸುವುದನ್ನು ಹುಡುಗರಿಗೆ ತೋರಿಸು ಎಂದು. ಮೂರನೆಯ ತರಗತಿಯವಳು ಡಾಕ್ಟರಾಗುವವರಿಗೆ ಪಾಠ ಹೇಳುವುದು ಎಂದರೆ ನಗುತ್ತಾರೆ ಎಂದುಕೊಂಡಿದ್ದೆ, ಯಾರೂ ನಗಲಿಲ್ಲ. ಮೇಜಿನ ಮೇಲೆ ಮಾಪು ಹರಡಿ, ಬಿಡಿಸಿ, ಲಾಡಿ ಜಗ್ಗಿ, ಆಮೇಲೆ ಕೂಗುವುದನ್ನು ತೋರಿಸಿದೆ. ಯಾಕೆ ಹಾಗೆ ಮಾಡಬೇಕೆಂದು ಸಾಬರು ಆ ದಿನದ್ದೆಲ್ಲ ಬಿಚ್ಚಿ ಹೇಳಿದರು.

ರೇಣುಕಾ ಮೂರನೆಯ ಬೆಂಚಿನಲ್ಲಿದ್ದಳು. ಅದೇ ವಾರ ಮರಳಿ ಕಾಲೇಜಿಗೆ ಬಂದಿದ್ದಳು. ಎದ್ದು ನಿಂತಳು.

“ಸರ್, ಗೇಟ್ ಹಿಡಕೊಂಡು ನಿಂತದ್ದು ನೀವು ಹೇಳಿದ್ದಕ್ಕ. ಪೇಷೆಂಟಿನ ಮುಂದ ನಿಂದ್ರೋದು ನಿಮ್ಮ ಕೆಲಸ ಅಂದಿದ್ರಿ.”

“ಹೌದವ್ವಾ.”

“ನಾ ಚೀರಿದ್ದು ನಿಮಗ ಕೇಳಿಸ್ತೇನ್ರಿ?”

ಸಾಬರು ಇಲ್ಲ ಎಂದುಬಿಡಬಹುದಿತ್ತು, ಎರಡು ಬಾಗಿಲು ನಡುವೆ ಇದ್ದವು.

“ಕೇಳಿಸ್ತು” ಎಂದರು ಸಾಬರು.

“ಕೇಳಿಸಿದ ಮ್ಯಾಲೂ ಬರಲಿಲ್ಲ.”

“ಬರಲಿಲ್ಲ.”

“ಇನ್ನೊಮ್ಮೆ ಹಂಗ ಆದ್ರ?”

ಅವರು ಮೇಜಿನ ಮೇಲಿದ್ದ ಮಾಪೊಂದನ್ನು ಎತ್ತಿ ಮಡಿಸಿದರು. “ಆವಾಗೂ ಬರಾಂಗಿಲ್ಲ. ತೆರೆದ ಹೊಟ್ಟಿ ಬಿಟ್ಟು ಬರಾಕ ನನಗ ಆಗೂದಿಲ್ಲ. ಆದ್ರ ನಿಮ್ಮನ್ನ ಗೇಟಿಗೆ ನಿಂದ್ರಸಾಂಗಿಲ್ಲ. ಅವತ್ತು ಹಾಲಿನಾಗ ನಾ ಆಡಿದ ಮಾತು ತಪ್ಪು. ಮುಂದ ನಿಂದ್ರಬೇಕಾದವ ನಾನು, ನೀವಲ್ಲ. ನಾ ಒಳಗ ಇರ್ತೀನಿ ಅಂತ ಗೊತ್ತಿದ್ದೂ ನಿಮಗ ನಿಂದ್ರಾಕ ಹೇಳಿದೆ.”

ರೇಣುಕಾ ಕೂತಳು. ಅತ್ತಳೋ ಇಲ್ಲವೋ ನಾನು ನೋಡಲಿಲ್ಲ. ಕ್ಷಮಿಸಿದಳು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ನನಗೆ ಗೊತ್ತಿಲ್ಲ. ಉಳಿದ ವರ್ಷವೆಲ್ಲ ಅವಳು ಸಾಬರ ಪಾಠಕ್ಕೆ ಬಂದಳು, ಮಾತಾಡಲಿಲ್ಲ.

ಮೂವತ್ತೊಂದು ವರ್ಷ ಥೇಟರಿನ ನೆಲ ಒರೆಸಿದ್ದೇನೆ. ಆಪರೇಷನ್ ಸಕ್ಸಸ್ ಎಂದು ಕೈ ತೊಳೆದುಕೊಂಡು ಹೋದವರನ್ನು ಬಹಳ ನೋಡಿದ್ದೇನೆ. ಒಬ್ಬನನ್ನು ಉಳಿಸಿದೆವು ಎಂದು ಹೇಳುವಾಗ, ಅದಕ್ಕೆ ಯಾರು ಏನು ಕೊಟ್ಟರೆಂದೂ ಜೊತೆಗೆ ಹೇಳಬೇಕು. ಅರ್ಧ ಹೇಳಿ ನಿಲ್ಲಿಸಿದರೆ ಅದು ಸುಳ್ಳು. ಮಾಳಪ್ಪ ಬದುಕಿದ್ದಾನೆ. ರೇಣುಕಾಳ ಬಲಗೈಯಲ್ಲಿ ಮೂರು ಬೆರಳಿವೆ.